ಬೆಳಗಿದ ಕೊಡಗಳು

ನಮ್ಮ ಊರಿನಲ್ಲಿ ಯಾರೂ ಓಡುವುದಿಲ್ಲ. ಕಾಲಿಲ್ಲವೆಂದಲ್ಲ, ಓಡಬಾರದು, ಅಷ್ಟೆ. ದಿಢೀರೆಂದು ಮಾಡುವ ಯಾವ ಕೆಲಸವೂ ನಮ್ಮಲ್ಲಿ ನಡೆಯುವುದಿಲ್ಲ. ನೆಂಟರ ಮನೆಗೆ ಹೋಗಬೇಕಾದರೆ ಮೂರು ದಿನ ಮೊದಲು ಹೇಳಿ ಕಳಿಸುತ್ತೇವೆ. ಯಾರಾದರೂ ತೀರಿಕೊಂಡರೆ ಸುದ್ದಿಯನ್ನು ಮೂರು ಕಂತಿನಲ್ಲಿ ಮುಟ್ಟಿಸುತ್ತೇವೆ. ಬೆಳಿಗ್ಗೆ ‘ಅವರಿಗೆ ಯಾಕೋ ಊಟ ಸೇರುತ್ತಿಲ್ಲ’ ಎನ್ನುತ್ತೇವೆ, ಮಧ್ಯಾಹ್ನ ‘ಮೇಲುಸಿರು ಹತ್ತಿದೆ’ ಎನ್ನುತ್ತೇವೆ, ಉಳಿದದ್ದು ಸಂಜೆಗೆ. ಕೇಳುವವರು ಬೆಳಿಗ್ಗೆಯೇ ಅರ್ಥಮಾಡಿಕೊಂಡು ಮನೆಗೆಲಸ ಮುಗಿಸಿ ಕೂತಿರುತ್ತಾರೆ, ಅದು ಬೇರೆ ಮಾತು. ಸೀನು ಬಂದರೂ ಪಕ್ಕದವರಿಗೆ ಕೈಸನ್ನೆ ಮಾಡಿ ಆಮೇಲೆ ಸೀನುವವರು ನಾವು. ಬೇರೆ ಊರಿನವರು ನಗುತ್ತಾರೆ. ನಗಲಿ. ಅವರ ಊರಿನಲ್ಲಿ ವಾರಕ್ಕೆ ಎಷ್ಟು ದಿನ ಕರೆಂಟು ಇರುತ್ತದೆ ಎನ್ನುವುದು ನಮಗೂ ಗೊತ್ತಿದೆ.

ಇದೆಲ್ಲ ಬಿಸಿಮನೆಗಾಗಿ. ಊರಿನ ನಡುವೆ ಮೂರಾಳೆತ್ತರದ ಇಟ್ಟಿಗೆ ಗೋಡೆಯ ಕಟ್ಟಡ ಅದು. ಒಳಗೆ ಮುನ್ನೂರ ಹನ್ನೆರಡು ಪಿಂಗಾಣಿ ಬಿಲ್ಲೆಗಳು ಒಂದರ ಮೇಲೊಂದು ಕೂತಿವೆ, ಹಗಲೂ ರಾತ್ರಿ ಕೆಂಡದಷ್ಟು ಕೆಂಪಗೆ. ಬಿಲ್ಲೆಯ ಒಂದು ಮಗ್ಗುಲಿಗೆ ಕೊಚ್ಚೆಗುಂಡಿಯ ಅನಿಲ ಹರಿಯುತ್ತದೆ, ಇನ್ನೊಂದು ಮಗ್ಗುಲಿಗೆ ಗಾಳಿ. ಉರಿ ಕಾಣಿಸುವುದಿಲ್ಲ, ಹೊಗೆ ಏಳುವುದಿಲ್ಲ, ಕರೆಂಟು ಮಾತ್ರ ಬರುತ್ತದೆ. ದೀಪ, ಹಿಟ್ಟಿನ ಗಿರಣಿ, ಬಾವಿಯ ಪಂಪು ಎಲ್ಲ ಅದರ ಮೇಲೆ. ಬಿಲ್ಲೆಗಳನ್ನು ಮಾಡಿದವರು ಯಾರೋ, ಮಾಡುವ ವಿದ್ಯೆ ಅವರ ಜೊತೆಗೇ ಹೋಯಿತು. ಆ ಬಿಲ್ಲೆಗಳಿಗೆ ಬಿಸಿ ಅಳತೆ ಮೀರಬಾರದು, ಥಟ್ಟನೆ ಏರಬಾರದು, ಥಟ್ಟನೆ ಇಳಿಯಲೂ ಬಾರದು. ಊರಿನಲ್ಲಿ ನಾಲ್ಕು ಜನ ಒಟ್ಟಿಗೆ ಬೆಚ್ಚಿಬಿದ್ದರೂ ಅವಕ್ಕೆ ತಿಳಿದುಬಿಡುತ್ತದೆ. ಸಹಿಸದಿದ್ದರೆ ಟಿಣ್ ಎನ್ನುತ್ತವೆ. ಟಿಣ್ ಎಂದರೆ ಒಂದು ಬಿಲ್ಲೆ ಸೀಳಿತು ಎಂದು ಅರ್ಥ. ಆ ಸದ್ದು ಎಷ್ಟು ದೂರದ ಹೊಲದಲ್ಲಿದ್ದವರಿಗೂ ಕೇಳುತ್ತದೆ, ಕಿವುಡರಿಗೂ ಕೇಳುತ್ತದೆ. ನಾಲ್ಕೈದು ಬಿಲ್ಲೆ ಹೋದರೆ ನಡೆದೀತು, ಹತ್ತು ಹೋದರೆ ಇಡೀ ಸಾಲು ತಣ್ಣಗಾಗುತ್ತದೆ ಎಂದು ಹಿರಿಯರು ಹೇಳುತ್ತಿದ್ದರು. ಮತ್ತೆ ಬಿಸಿ ಮಾಡುವ ದಾರಿ ಯಾರಿಗೂ ಗೊತ್ತಿಲ್ಲ.

ಬೇರೆ ಕಡೆ ನೀರುಗಂಟಿ ಇರುವಂತೆ ನಮ್ಮಲ್ಲಿ ಗಾಳಿಗಂಟಿ ಇದ್ದಾನೆ. ಬಿಸಿಮನೆಗೆ ಹೋಗುವ ಗಾಳಿಯ ಚಕ್ರ ತಿರುಗಿಸುವವನು ಅವನು. ಚಕ್ರಕ್ಕೆ ಹಲ್ಲುಗಳಿವೆ, ಒಂದೊಂದು ಹಲ್ಲು ತೆರೆದಷ್ಟೂ ಒಳಗೆ ತಂಪು, ಮುಚ್ಚಿದಷ್ಟೂ ಬಿಸಿ. ಕೇಳುವುದಕ್ಕೆ ಸುಲಭ. ಆದರೆ ಚಕ್ರವನ್ನು ಈಗ ತಿರುಗಿಸಿದರೆ ಅದರ ಪರಿಣಾಮ ಪೂರ್ತಿ ಒಳಗೆ ಇಳಿಯುವುದು ಒಂದೂವರೆ ಗಂಟೆಯ ಮೇಲೆ. ಸಂಜೆ ಊರಿನ ಏಳು ಬೀದಿಯವರೂ ದೀಪ ಹಚ್ಚಿದಾಗ ಬಿಲ್ಲೆಗಳು ಕಾಯುತ್ತವೆ. ಆಗ ನೋಡಿಕೊಂಡರಾಯಿತು ಎಂದು ಕೂತರೆ ಅನ್ನ ಸೀದ ವಾಸನೆ ಬಂದ ಮೇಲೆ ಉರಿ ತಗ್ಗಿಸಿದಂತಾಗುತ್ತದೆ. ಅದಕ್ಕೇ ಕೊಡಗಳಿರುವುದು, ಆ ಕೊಡಗಳಿಗಾಗಿ ನಾನಿರುವುದು.

ನಾನು ದೇವೀರಮ್ಮ. ಕೊಡದ ದೇವೀರಕ್ಕ ಎಂದರೆ ಎಲ್ಲರಿಗೂ ಗೊತ್ತು. ಬಿಸಿಮನೆಯ ಹಿಂದಿನ ಕೋಣೆಯಲ್ಲಿ ಐದು ಮೆಟ್ಟಿಲಿನ ಮೇಲೆ ಐದು ಹಿತ್ತಾಳೆ ಕೊಡಗಳಿವೆ, ಒಂದೊಂದರ ಬುಡದಲ್ಲೂ ಒಂದೊಂದು ತೂತು. ಚಿಕ್ಕ ಕೊಡ ಎಂದರೆ ಬೇಗ ಕಾಯುವ ಬಿಲ್ಲೆಗಳು, ದೊಡ್ಡ ಕೊಡ ಎಂದರೆ ನಿಧಾನಕ್ಕೆ ಕಾಯುವ ಗೋಡೆ, ನೀರಿನ ಮಟ್ಟ ಎಂದರೆ ಬಿಸಿ, ತೂತಿನಿಂದ ಸೋರುವುದು ಹೊರಟುಹೋಗುವ ಬಿಸಿ. ಮಧ್ಯಾಹ್ನ ಪ್ರತಿ ಬೀದಿಯವರೂ ಇವತ್ತು ಇಷ್ಟು ದೀಪ, ಇಷ್ಟು ರುಬ್ಬುವ ಕೆಲಸ ಎಂದು ಹೇಳಿ ಕಳಿಸುತ್ತಾರೆ. ಅದಕ್ಕೆ ತಕ್ಕಷ್ಟು ಸೌಟು ನೀರು ಹುಯ್ದು, ತೂತುಗಳಿಗೆ ಇಟ್ಟ ಮೇಣದ ಉಂಡೆ ಕಿತ್ತು ನೋಡುತ್ತಾ ಕೂರುತ್ತೇನೆ. ಬಿಸಿಮನೆಯಲ್ಲಿ ಒಂದು ಗಂಟೆಯಲ್ಲಿ ಆಗುವುದು ಕೊಡಗಳಲ್ಲಿ ಐದು ನಿಮಿಷಕ್ಕೆ ಆಗಿಹೋಗುತ್ತದೆ. ಮೂರು ಗಂಟೆಗೆ ಸೌಟು ಹಿಡಿದರೆ ಮೂರೂವರೆಗೆಲ್ಲ ನನ್ನ ಪಾಲಿಗೆ ಆ ದಿನದ ಸಂಜೆ ಮುಗಿದಿರುತ್ತದೆ. ಚಿಕ್ಕ ಕೊಡದ ಒಳಗೆ ಒಂದು ಕೆಂಪು ಗೆರೆ ಇದೆ. ನೀರು ಅದಕ್ಕಿಂತ ಕೆಳಗಿಳಿದರೆ ಗಾಳಿ ಮುಚ್ಚಿಸುತ್ತೇನೆ, ಮೇಲೇರಿದರೆ ತೆರೆಸುತ್ತೇನೆ. ಇಪ್ಪತ್ತೆರಡು ವರ್ಷದಲ್ಲಿ ನನ್ನ ಲೆಕ್ಕ ಒಂದು ಸಲವೂ ತಪ್ಪಿರಲಿಲ್ಲ. ಇದನ್ನು ನಾನು ಹೇಳಿಕೊಳ್ಳಬಾರದು, ಆದರೆ ನಾನು ಹೇಳದಿದ್ದರೆ ಇನ್ಯಾರು ಹೇಳುತ್ತಾರೆ.

ಗಾಳಿಗಂಟಿಯ ಹೆಸರು ಜವರಯ್ಯ. ನನಗಿಂತ ಹತ್ತು ವರ್ಷ ದೊಡ್ಡವನು, ಮಾತು ಕಡಿಮೆ. ನನ್ನ ಕೋಣೆಗೂ ಅವನ ಚಕ್ರದ ಕಟ್ಟೆಗೂ ನಡುವೆ ಒಂದು ಗೋಡೆ, ಗೋಡೆಯಲ್ಲಿ ಅಂಗೈ ಅಗಲದ ಕಿಂಡಿ. ‘ಜವರಣ್ಣ, ಎರಡು ಹಲ್ಲು ತೆರಿ’ ಎಂದು ನಾನು ಆ ಕಿಂಡಿಯಲ್ಲಿ ಹೇಳುತ್ತಿದ್ದೆ. ‘ಎಲ್ಡು’ ಎಂದು ಅವನು ತಿರುಗಿಸುತ್ತಿದ್ದ. ನಮ್ಮ ಸಂಬಂಧ ಅಷ್ಟೆ, ಮತ್ತು ಅದು ಚೆನ್ನಾಗಿತ್ತು. ನಾನು ಆ ಕಡೆಗೆ ಹೋದವಳಲ್ಲ. ಕೊಡ ನೋಡಿಕೊಳ್ಳುವವರಿಗೆ ಆ ಕಡೆ ಏನು ಕೆಲಸ?

ನನಗೆ ಈ ಕೆಲಸ ಬಂದದ್ದು ನನ್ನ ಸೋದರತ್ತೆ ಈರಮ್ಮನಿಂದ. ಲೆಕ್ಕದಲ್ಲಿ ಅವಳಿಗೆ ಸಮ ಯಾರೂ ಇರಲಿಲ್ಲ, ಒಪ್ಪುತ್ತೇನೆ. ಆದರೆ ಸೋಮಾರಿ. ಅವಳು ಕೊಡಗಳನ್ನು ಒಂದು ದಿನವೂ ಬೆಳಗಿದವಳಲ್ಲ. ಹೊರಗೆಲ್ಲ ಕಿಲುಬು, ಒಳಗೆ ನಮ್ಮ ಊರಿನ ಗಡುಸು ನೀರಿನ ಬಿಳಿ ಪದರ. ನಾನೂ ಬಂದ ಹೊಸತರಲ್ಲಿ ಲೆಕ್ಕ ಕಲಿಯುವುದೇ ದೊಡ್ಡದಾಗಿ ಹಾಗೇ ಬಿಟ್ಟಿದ್ದೆ, ಆಮೇಲೆ ಅಭ್ಯಾಸವಾಗಿಹೋಯಿತು. ಹೀಗಿರುವಾಗ ಕಳೆದ ಮಾಗಿಯಲ್ಲಿ ಬಿಸಿಮನೆ ಸಮಿತಿಯ ರುದ್ರಾಣಮ್ಮನವರು, ಅಂದರೆ ನಮಗೆಲ್ಲ ಪಾಠ ಹೇಳಿದ ಟೀಚರಮ್ಮ, ಸಮಿತಿಯವರೆಲ್ಲ ಸೇರಿ ಕೊಡದ ಕೋಣೆ ನೋಡಲು ಬರುವುದಾಗಿ ನಾಲ್ಕು ದಿನ ಮೊದಲೇ ಹೇಳಿ ಕಳಿಸಿದರು. ಟೀಚರಮ್ಮ ಬರುವಾಗ ಕೊಡಗಳು ಹಾಗಿದ್ದರೆ ನನ್ನ ಮಾನ ಏನಾಗಬೇಕು? ಭಾನುವಾರ ಐದೂ ಕೊಡ ಇಳಿಸಿದೆ. ಹುಣಸೆಹಣ್ಣು ನೆನೆಸಿ, ಉಪ್ಪು ಸೇರಿಸಿ, ಒಳಗೂ ಹೊರಗೂ ಬಳಿದು ಮಧ್ಯಾಹ್ನದವರೆಗೆ ಬಿಟ್ಟೆ, ಆಮೇಲೆ ಬೂದಿ ಹಾಕಿ ತಿಕ್ಕಿದೆ. ಮುಖ ಕಾಣಿಸಬೇಕು, ಹಾಗೆ ಬೆಳಗಿದೆ. ಸೋಮವಾರ ಬೆಳಿಗ್ಗೆ ಬಂದ ಟೀಚರಮ್ಮ ಬಾಗಿಲಲ್ಲೇ ನಿಂತು, ‘ದೇವೀರಮ್ಮ, ಇದು ಅದೇ ಕೊಡಗಳಾ?’ ಎಂದರು. ನನಗೆ ಆದ ಸಂತೋಷ ಅಷ್ಟಿಷ್ಟಲ್ಲ.

ಅವತ್ತು ಮಧ್ಯಾಹ್ನ ಎಂದಿನಂತೆ ನೀರು ಹುಯ್ದೆ. ಚಿಕ್ಕ ಕೊಡದಲ್ಲಿ ನೀರು ಗೆರೆಗಿಂತ ಎರಡು ಬೆರಳು ಕೆಳಗೆ ಇಳಿಯಿತು. ಮಾಗಿಯ ಚಳಿ, ಬಿಸಿಮನೆ ತಣ್ಣಗಾಗುತ್ತಿದೆ ಎಂದುಕೊಂಡೆ. ಕಿಂಡಿಯಲ್ಲಿ ‘ಜವರಣ್ಣ, ಮೂರು ಹಲ್ಲು ಮುಚ್ಚು’ ಎಂದೆ. ಮುಚ್ಚಿದ. ದೀಪ ಹಚ್ಚುವ ಹೊತ್ತು ಕಳೆದ ಮೇಲೆ ಕಿಂಡಿಯಿಂದ ಅವನ ಧ್ವನಿ ಬಂತು. ‘ದೇವೀರವ್ವ, ಗೋಡೆ ಮ್ಯಾಲೆ ಕೈ ಮಡಗಿದ್ರೆ ಒಂಬತ್ತಕ್ಕೇ ಸುಡ್ತದೆ ಕಣವ್ವ. ದಿನಾ ಹನ್ನೆರಡು ಎಣಿಸೋಗಂಟ ತಡಿತಿದ್ದೆ.’ ಅವನ ಪದ್ಧತಿ ಅದು. ಬಿಸಿಮನೆಯ ಒಳಗೋಡೆಗೆ ಅಂಗೈ ಇಟ್ಟು ಒಂದು, ಎರಡು, ಮೂರು ಎಂದು ಎಣಿಸುವುದು, ಸುಡುವ ಹೊತ್ತಿಗೆ ಎಷ್ಟಾಯಿತು ಎಂದು ನೋಡುವುದು. ನನಗೆ ನಗು ಬಂತು. ‘ನಿನಗೆ ವಯಸ್ಸಾಯ್ತು ಜವರಣ್ಣ, ಅಂಗೈ ಮೆತ್ತಗಾಗಿದೆ. ಕೊಡ ಹೇಳೋದನ್ನ ಕೇಳು’ ಎಂದೆ.

ಮಂಗಳವಾರ ಇನ್ನೆರಡು ಹಲ್ಲು ಮುಚ್ಚಿಸಿದೆ. ‘ಏಳು’ ಎಂದಷ್ಟೇ ಕಿಂಡಿಯಲ್ಲಿ ಹೇಳಿದ. ನಾನು ಸೌಟು ತೊಳೆದಿಟ್ಟು ಮನೆಗೆ ಹೊರಟೆ. ಊರೆಲ್ಲ ಉಣ್ಣಲು ಕೂತಿದ್ದಾಗ ಟಿಣ್ ಎಂದಿತು. ಒಂಬತ್ತು ವರ್ಷದ ಹಿಂದೆ ಸಿಡಿಲಿಗೆ ಊರೆಲ್ಲ ಬೆಚ್ಚಿದಾಗ ಕೇಳಿದ್ದ ಸದ್ದು ಅದು. ಅನ್ನ ಕಲಸುತ್ತಿದ್ದ ನನ್ನ ಕೈ ಹಾಗೇ ನಿಂತಿತು. ಚಳಿಗೆ ಸೀಳಿದೆ, ನಾಳೆ ಇನ್ನೂ ಒಂದು ಹಲ್ಲು ಮುಚ್ಚಿಸಬೇಕು ಎಂದುಕೊಂಡೆ. ನೋಡಿ, ಗಟ್ಟಿ ನಂಬಿಕೆ ಇದ್ದವರು ತಪ್ಪು ಮಾಡುವುದು ಹೀಗೆ, ಪ್ರತಿಯೊಂದು ಹೊಸ ಪೆಟ್ಟೂ ನಮ್ಮ ಮಾತಿಗೇ ಸಾಕ್ಷಿಯಂತೆ ಕಾಣುತ್ತದೆ.

ಬುಧವಾರ ಒಂದು ಹಲ್ಲು ಮುಚ್ಚು ಎಂದೆ. ಜವರಯ್ಯ ಮುಚ್ಚಿದ. ಆದರೆ ಸಂಜೆ ಗೋಡೆ ಮುಟ್ಟಿ ನೋಡಿದವನಿಗೆ ಐದಕ್ಕೇ ಸುಟ್ಟಿತಂತೆ. ಬಿಲ್ಲೆಗಳು ಒದ್ದಾಡುವುದು ಕೇಳಿಸಿತಂತೆ. ತಡೆಯಲಾರದೆ ನನ್ನನ್ನು ಕೇಳದೆ ನಾಲ್ಕು ಹಲ್ಲು ಒಟ್ಟಿಗೆ ತೆರೆದುಬಿಟ್ಟ. ಕಾದ ಹಂಚಿಗೆ ನೀರೆರಚಿದಂತಾಯಿತು. ಕಾಲು ಗಂಟೆಯಲ್ಲಿ ಮತ್ತೆ ಟಿಣ್ ಎಂದಿತು.

ನಮ್ಮ ಊರಿನ ಕಟ್ಟಳೆ ಇದು: ಬಿಲ್ಲೆ ಸೀಳಿದಾಗ ಚಕ್ರದ ಮೇಲೆ ಯಾರ ಕೈ ಇತ್ತೋ ಅವರನ್ನು ಸಮಿತಿ ಕರೆದು ಕೇಳುತ್ತದೆ. ಹೇಳಿದಷ್ಟೇ ತಿರುಗಿಸಿದ್ದರೆ ದೋಷವಿಲ್ಲ. ಹೇಳದ್ದನ್ನು ತಿರುಗಿಸಿದ್ದರೆ ಆ ಸೀಳಿದ ಬಿಲ್ಲೆಯನ್ನು ಇಕ್ಕಳದಿಂದ ಹಿಡಿದು ತೆಗೆದು, ತಣಿಸಿ, ಕೆಂಪು ದಾರದಲ್ಲಿ ಅವರ ಬಾಗಿಲಿಗೆ ತೂಗುಹಾಕುತ್ತಾರೆ. ಅವರು ಮತ್ತೆ ಚಕ್ರ ಮುಟ್ಟುವಂತಿಲ್ಲ. ಅವರ ಮಕ್ಕಳೂ ಮುಟ್ಟುವಂತಿಲ್ಲ. ಜವರಯ್ಯನದು ಮೂರು ತಲೆಮಾರಿನ ಗಾಳಿಗಂಟಿ ಮನೆತನ.

ಗುರುವಾರ ಸಮಿತಿ ಸೇರಿತು. ಟೀಚರಮ್ಮ ನನ್ನನ್ನು ಕೇಳಿದರು, ‘ದೇವೀರಮ್ಮ, ನೀವು ನಾಲ್ಕು ಹಲ್ಲು ತೆರೆಯಲು ಹೇಳಿದ್ದಿರಾ?’ ‘ಇಲ್ಲ’ ಎಂದೆ. ‘ಕೊಡಗಳು ಹಾಗೆ ಹೇಳಿದ್ದವಾ?’ ‘ಇಲ್ಲ, ಕೊಡಗಳು ಮುಚ್ಚು ಅಂದಿದ್ದವು.’ ಅದು ಸತ್ಯವೇ. ಒಂದೊಂದು ಮಾತೂ ಸತ್ಯ. ಜವರಯ್ಯನನ್ನು ಕೇಳಿದಾಗ ಅವನು ಬಲಗೈ ಅಂಗೈ ತೆರೆದು ತೋರಿಸಿದ, ನಡುವೆ ಬೊಬ್ಬೆ ಎದ್ದಿತ್ತು. ‘ಐದಕ್ಕೇ ಸುಡ್ತು. ಒಳಗೆ ಬಿಸಿ ಇತ್ತು ಅಮ್ಮಾರೆ. ನಂಗೆ ಇಷ್ಟೇ ಗೊತ್ತು’ ಎಂದ. ಅವನು ನನ್ನ ಕಡೆ ನೋಡಿದ. ನಾನು ಟೀಚರಮ್ಮನ ಕಡೆ ನೋಡಿದೆ. ಮರುದಿನ ಸಂಜೆ ಐದಕ್ಕೆ ಬಿಲ್ಲೆ ತೂಗುಹಾಕುವುದೆಂದು ನಿಶ್ಚಯವಾಯಿತು. ಚಕ್ರಕ್ಕೆ ಮಾದಪ್ಪ ಎನ್ನುವವನನ್ನು ಹಾಕಿದರು. ಹೇಳಿದ್ದಕ್ಕಿಂತ ಕೂದಲೆಳೆಯಷ್ಟೂ ಆಚೀಚೆ ಮಾಡದವನು ಎಂದು ಅವನಿಗೆ ಹೆಸರು. ಜವರಯ್ಯ ತೆರೆದಿದ್ದ ನಾಲ್ಕು ಹಲ್ಲನ್ನೂ ಅವತ್ತೇ ಅವನಿಂದ ಒಂದೊಂದಾಗಿ ಮುಚ್ಚಿಸಿದೆ.

ಶುಕ್ರವಾರ ಮೂರೂವರೆಗೆ ಕೊಡ ನೋಡಿ, ಆರು ಗಂಟೆಗೆ ಸರಿಯಾಗಿ ಆರು ಹಲ್ಲು ಮುಚ್ಚಬೇಕೆಂದು ಮಾದಪ್ಪನಿಗೆ ಹೇಳಿದೆ. ಆಮೇಲೆ ವಾರದ ಕೆಲಸಕ್ಕೆ ಕೂತೆ. ಪ್ರತಿ ಶುಕ್ರವಾರ ಕೊಡಗಳ ನೀರು ಬದಲಿಸಿ, ತೂತಿನೊಳಗೆ ತೆಂಗಿನ ಪೊರಕೆಯ ಕಡ್ಡಿ ಆಡಿಸಿ ಮಣ್ಣು ಮಸಿ ತೆಗೆಯುವುದು ರೂಢಿ. ಕಡ್ಡಿ ಯಾವಾಗಲೂ ಬಿಗಿಯಾಗಿ ಕೂರುತ್ತಿತ್ತು, ತಿರುಚಿ ತಿರುಚಿ ಒಳಗೆ ದೂಡಬೇಕಾಗುತ್ತಿತ್ತು. ಅವತ್ತು ಚಿಕ್ಕ ಕೊಡದ ತೂತಿಗೆ ಕಡ್ಡಿ ಇಟ್ಟೆ. ಅದು ಕೈಯಿಂದ ಜಾರಿ ತೂತಿನಾಚೆಗೆ ಬಿದ್ದುಹೋಯಿತು.

ಎರಡನೇ ಕಡ್ಡಿ ಇಟ್ಟೆ, ಅದೂ ಬಿತ್ತು. ಎರಡು ಕಡ್ಡಿ ಜೋಡಿಸಿ ಇಟ್ಟಾಗ ನಿಂತಿತು. ನಾನು ಮೆಟ್ಟಿಲ ಮೇಲೆ ಕೂತೆ. ಐದೂ ಕೊಡಗಳು ನನ್ನ ಮುಖವನ್ನು ನನಗೇ ತೋರಿಸುತ್ತಿದ್ದವು. ಹುಣಸೆಹಣ್ಣು ಕಿಲುಬನ್ನು ಮಾತ್ರ ತಿಂದಿರಲಿಲ್ಲ, ತೂತಿನೊಳಗೆ ನಲವತ್ತು ವರ್ಷ ಕಟ್ಟಿದ್ದ ಬಿಳಿ ಪದರವನ್ನೂ ತಿಂದಿತ್ತು. ತೂತು ದೊಡ್ಡದಾಗಿ ನೀರು ಬೇಗ ಸೋರುತ್ತಿತ್ತು. ಬಿಸಿಮನೆ ತಣ್ಣಗಾಗುತ್ತಿರಲಿಲ್ಲ, ನನ್ನ ಕೊಡ ಮಾತ್ರ ಬರಿದಾಗುತ್ತಿತ್ತು. ಬಿಲ್ಲೆಗಳಿಗೆ ವಯಸ್ಸಾದಂತೆ ಅಷ್ಟೇ ಕೆಲಸಕ್ಕೆ ಹೆಚ್ಚು ಕಾಯುತ್ತವೆ, ಮುದುಕರಿಗೆ ಮೆಟ್ಟಿಲು ಹತ್ತಿದರೆ ಏದುಸಿರು ಬರುವ ಹಾಗೆ. ಅವಕ್ಕೆ ವಯಸ್ಸಾದಂತೆಲ್ಲ ತೂತುಗಳೂ ಕಟ್ಟಿಕೊಳ್ಳುತ್ತಾ ಬಂದಿದ್ದವು, ಎರಡೂ ಜೊತೆಯಾಗಿ ಮುದಿಯಾಗಿದ್ದವು. ನಾನು ಒಂದನ್ನು ತಿಕ್ಕಿ ಹರೆಯಕ್ಕೆ ತಂದುಬಿಟ್ಟಿದ್ದೆ. ಈರತ್ತೆ ಸೋಮಾರಿಯಾಗಿರಲಿಲ್ಲ. ಅವಳಿಗೆ ಗೊತ್ತಿತ್ತು, ಹೇಳುವ ಅಗತ್ಯ ಕಾಣಲಿಲ್ಲ. ಕೊಡವನ್ನು ಒಳಗೆಲ್ಲ ಹುಣಸೆಹಣ್ಣು ಹಾಕಿ ತಿಕ್ಕುವ ಬುದ್ಧಿವಂತೆ ಮನೆಯಲ್ಲೇ ಹುಟ್ಟುತ್ತಾಳೆ ಎಂದು ಅವಳು ಎಣಿಸಿರಲಿಕ್ಕಿಲ್ಲ.

ಈಗ ಹೇಳುವ ಮಾತನ್ನು ಹೇಳದೆ ಬಿಡಬಹುದಿತ್ತು. ಆದರೂ ಹೇಳುತ್ತೇನೆ. ನನಗೆ ಮೊದಲು ಬಂದ ಯೋಚನೆ, ಯಾರಿಗೂ ಗೊತ್ತಾಗುವುದಿಲ್ಲ ಎಂದು. ತೂತಿಗೆ ಸ್ವಲ್ಪ ಮೇಣ ಸವರಿದರೆ ಕೊಡಗಳು ಮೊದಲಿನಂತಾಗುತ್ತವೆ, ಮಾದಪ್ಪನಿಗೆ ಬೇರೆ ಲೆಕ್ಕ ಹೇಳಿದರೆ ಬಿಲ್ಲೆಗಳು ಉಳಿಯುತ್ತವೆ. ಜವರಯ್ಯ ಹೇಗೂ ಮುದುಕನಾದ, ಮನೆಯಲ್ಲಿರಲಿ. ಮೇಣ ಕೈಗೆ ತೆಗೆದುಕೊಂಡೆ. ಎಷ್ಟು ಸವರಬೇಕು? ಹಳೆಯ ತೂತು ಎಷ್ಟಿತ್ತು? ನನಗೆ ಗೊತ್ತಿರಲಿಲ್ಲ. ಬಿಸಿಮನೆ ನಿಜವಾಗಿ ಎಷ್ಟು ಬಿಸಿ ಇದೆ ಎಂದು ಹೇಳುವ ಲೆಕ್ಕ ಇಡೀ ಊರಿನಲ್ಲಿ ಮೂರೇ ಇದ್ದವು. ಒಂಬತ್ತು, ಏಳು, ಐದು. ಆ ಮೂರನ್ನೂ ಹೇಳಿದವನು ಒಬ್ಬನೇ, ನಾನು ಅವನ ಅಂಗೈಯನ್ನು ಹಾಸ್ಯ ಮಾಡಿದ್ದೆ. ಆಗ ನನಗೆ ಆದ ನಾಚಿಕೆ ಹೇಳತೀರದು. ಗಡಿಯಾರ ಐದಕ್ಕೆ ಹತ್ತು ನಿಮಿಷ ತೋರಿಸುತ್ತಿತ್ತು. ಕಿಂಡಿಗೆ ಬಾಯಿಟ್ಟು, ‘ಮಾದಪ್ಪ, ನಾನು ಬರೋವರೆಗೂ ಚಕ್ರ ಮುಟ್ಟಬೇಡ’ ಎಂದೆ. ಆ ಕಡೆಯಿಂದ ಉತ್ತರ ಬರಲಿಲ್ಲ. ಅವನೂ ಎಲ್ಲರ ಜೊತೆ ಬಿಲ್ಲೆ ತೂಗುಹಾಕುವುದನ್ನು ನೋಡಲು ಹೋಗಿದ್ದ.

ನಾನು ಸೆರಗು ಸಿಕ್ಕಿಸಿ ಓಡಿದೆ. ಐವತ್ತೆರಡು ವರ್ಷದ ಹೆಂಗಸು, ಹುಟ್ಟಿದಾಗಿನಿಂದ ಓಡಿದವಳಲ್ಲ, ಓಡುವುದು ಹೇಗೆ ಎನ್ನುವುದೂ ಸರಿಯಾಗಿ ಗೊತ್ತಿರಲಿಲ್ಲ. ಬೀದಿಯಲ್ಲಿ ಹಿಟ್ಟಿನ ಡಬ್ಬಿ ಹೊತ್ತು ಬರುತ್ತಿದ್ದವಳು ನನ್ನನ್ನು ಕಂಡು ಡಬ್ಬಿ ಬಿಟ್ಟಳು. ಜಗಲಿ ಮೇಲೆ ಕೂತವರು ಎದ್ದು ನಿಂತರು. ‘ದೇವೀರಕ್ಕ, ಬಿಲ್ಲೆ, ಬಿಲ್ಲೆ’ ಎಂದು ಯಾರೋ ಹಿಂದಿನಿಂದ ನೆನಪು ಮಾಡಿದರು. ನಾನು ನಿಲ್ಲಲಿಲ್ಲ.

ಜವರಯ್ಯನ ಮನೆ ಮುಂದೆ ಅರ್ಧ ಊರು ಸೇರಿತ್ತು. ಬಾಗಿಲ ಮೇಲೆ ಒಬ್ಬ ಮೊಳೆ ಹೊಡೆಯುತ್ತಿದ್ದ, ನಮ್ಮ ರೀತಿಯಲ್ಲಿ, ಒಂದು ಪೆಟ್ಟು ಹೊಡೆದು ಸ್ವಲ್ಪ ಕಾದು ಇನ್ನೊಂದು ಪೆಟ್ಟು. ಟೀಚರಮ್ಮನ ಕೈಯಲ್ಲಿ ಕೆಂಪು ದಾರ ಕಟ್ಟಿದ ಬಿಲ್ಲೆ. ಜವರಯ್ಯ ಜಗಲಿಯ ಮೂಲೆಯಲ್ಲಿ ಕೂತಿದ್ದ, ಹೆಂಡತಿ ನಿಂಗಮ್ಮ ಒಳಗಿನಿಂದ ಬಂದಿರಲೇ ಇಲ್ಲ. ನಾನು ಏದುಸಿರು ಬಿಡುತ್ತಾ ನಿಂತೆ. ಅಭ್ಯಾಸ ಬಲ, ‘ಟೀಚರಮ್ಮ, ಕೊಡಗಳಿಗೆ ಯಾಕೋ ಸ್ವಲ್ಪ ಹುಷಾರಿಲ್ಲ’ ಎಂದೆ. ಮೊದಲ ಕಂತು. ‘ಆಗಲಿ ದೇವೀರಮ್ಮ, ಸುಧಾರಿಸಿಕೊಂಡು ಆಮೇಲೆ ಹೇಳಿ’ ಎಂದರು ಟೀಚರಮ್ಮ. ಮೊಳೆಗೆ ಇನ್ನೊಂದು ಪೆಟ್ಟು ಬಿತ್ತು. ಜವರಯ್ಯ ತಲೆ ಎತ್ತಲಿಲ್ಲ. ನನ್ನಿಂದ ತಡೆಯಲಾಗಲಿಲ್ಲ. ‘ಆಮೇಲೆ ಇಲ್ಲ’ ಎಂದೆ. ‘ತಪ್ಪು ನಂದು. ಕೊಡ ತಿಕ್ಕಿ ತೂತು ದೊಡ್ಡದು ಮಾಡಿದೋಳು ನಾನು. ಜವರಣ್ಣ ಹೇಳಿದ್ದೇ ಸರಿ, ಒಳಗೆ ಬಿಸಿ ಇದೆ. ನಾನು ಕಿವಿಗೆ ಹಾಕ್ಕೊಳ್ಳಲಿಲ್ಲ, ನಿನ್ನೆ ನಿಮ್ಮೆದುರು ನಿಂತು ಅವನ ಬಾಯಿ ಮುಚ್ಚಿಸಿದೆ.’

ಅಷ್ಟು ಜನರೂ ಒಟ್ಟಿಗೆ ಬೆಚ್ಚಿದರು. ಅದು ಕಣ್ಣಿಗೆ ಕಂಡಿತು, ಭುಜಗಳೆಲ್ಲ ಒಮ್ಮೆಲೇ ಮೇಲೆ ಹೋದವು. ಊರ ನಡುವಿನಿಂದ ಟಿಣ್ ಎಂದಿತು.

ಎಲ್ಲರ ಕಣ್ಣುಗಳೂ ಜವರಯ್ಯನ ಕೈಗಳ ಮೇಲೆ ಹೋದವು. ಆ ಕೈಗಳು ಮೊಣಕಾಲ ಮೇಲೆ ಇದ್ದವು, ಚಕ್ರದಿಂದ ಮೂರು ಬೀದಿ ದೂರದಲ್ಲಿ. ಆಮೇಲೆ ಎಲ್ಲರೂ ನನ್ನನ್ನು ನೋಡಿದರು. ‘ಇದು ನನ್ನ ಬಿಲ್ಲೆ’ ಎಂದೆ. ‘ಮೊದಲಿನೆರಡೂ ನನ್ನವೇ. ಬೇಕಾದ್ದು ಆಮೇಲೆ ಮಾಡಿ. ಆರಕ್ಕೆ ಆರು ಹಲ್ಲು ಮುಚ್ಚೋಕೆ ಹೇಳಿದೀನಿ. ಮುಚ್ಚಿದ್ರೆ ನಾಳೆ ಊರಿಗೆ ದೀಪ ಇಲ್ಲ.’

ಜವರಯ್ಯ ಎದ್ದ. ನನ್ನ ಕಡೆ ನೋಡದೆ ಟವೆಲ್ಲು ಹೆಗಲಿಗೆ ಹಾಕಿಕೊಂಡು ನಡೆಯತೊಡಗಿದ. ‘ಬೇಗ ಜವರಣ್ಣ’ ಎಂದೆ. ‘ಓಡಿದ್ರೆ ಕೈ ನಡುಗ್ತದೆ. ನಡುಗೋ ಕೈಗೆ ಗೋಡೆ ಏನೂ ಹೇಳಕಿಲ್ಲ’ ಎಂದ. ಅವನ ಹಿಂದೆ ನಾನು, ನನ್ನ ಹಿಂದೆ ಟೀಚರಮ್ಮ, ಅವರ ಹಿಂದೆ ಊರು.

ನಾನು ನನ್ನ ಕೋಣೆಗೆ ಹೋದೆ, ಅವನು ಅವನ ಕಟ್ಟೆಗೆ. ಸ್ವಲ್ಪ ಹೊತ್ತಿಗೆ ಕಿಂಡಿಯಲ್ಲಿ ‘ನಾಕು’ ಎಂದಿತು ಅವನ ಧ್ವನಿ. ಅಷ್ಟೇ ಬೇಕಾಗಿತ್ತು ನನಗೆ. ಈಗ ನಾನು ಏನು ಮಾಡಿದೆ ಎಂದು ಹೇಳುತ್ತೇನೆ, ಇದರಲ್ಲಿ ಮಾತ್ರ ನನ್ನನ್ನು ಮೀರಿಸುವವರಿಲ್ಲ. ಹನ್ನೆರಡು ಎಂದರೆ ಕೆಂಪು ಗೆರೆ ಎಂದು ಇಟ್ಟುಕೊಂಡೆ. ಎಣಿಕೆ ಒಂದು ಇಳಿದರೆ ನೀರು ಅರ್ಧ ಬೆರಳು ಮೇಲೆ ಇರಬೇಕು. ತೂತುಗಳ ಅಂಚಿಗೆ ಮೇಣ ಸವರಿ ಸೋಮವಾರದ ಸೌಟುಗಳನ್ನು, ದೀಪ ಹಚ್ಚುವ ಹೊತ್ತಿನಷ್ಟನ್ನು ಮಾತ್ರ, ಮತ್ತೆ ಹುಯ್ದೆ. ಜವರಣ್ಣ ಸೋಮವಾರ ಒಂಬತ್ತು ಅಂದಿದ್ದ, ಕೊಡ ಹತ್ತೂವರೆ ಅಂದಿತು. ಇನ್ನಷ್ಟು ಮೇಣ ಸವರಿದೆ. ಮತ್ತೆ ಸೋಮವಾರ. ಒಂಬತ್ತು ಬಂತು. ಮಂಗಳವಾರ ಹುಯ್ದೆ, ಏಳು ಬಂತು. ಬುಧವಾರ ಐದರ ಬದಲು ಆರು ಬಂತು, ದೊಡ್ಡ ಕೊಡದ ತೂತಿಗೆ ಉಗುರಿನಲ್ಲಿ ಒಂಚೂರು ಮೇಣ ಸೇರಿಸಿದೆ, ಐದಾಯಿತು. ಮೂರು ಸಂಜೆಗಳನ್ನು ಮುಕ್ಕಾಲು ಗಂಟೆಯಲ್ಲಿ ಮತ್ತೆ ಬದುಕಿದೆ, ಈ ಸಲ ಅವನ ಅಂಗೈ ಹೇಳಿದಂತೆ. ಆಮೇಲೆ ಅವತ್ತಿನ ಸಂಜೆಯನ್ನು ಹುಯ್ದೆ, ಆರು ಹಲ್ಲು ಮುಚ್ಚಿದಂತೆ. ನೀರು ಗೆರೆ ದಾಟಿ, ಕೊಡದ ಕಂಠ ದಾಟಿ, ಮೆಟ್ಟಿಲ ಮೇಲೆಲ್ಲ ಹರಿಯಿತು. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಟೀಚರಮ್ಮ ಒಂದು ಹೆಜ್ಜೆ ಹಿಂದೆ ಸರಿದರು.

‘ಈಗೇನು ತೆರೆದುಬಿಡೋದಾ?’ ಎಂದು ಅವರು ಕೇಳಿದರು. ‘ತೆರೆದ್ರೆ ಬುಧವಾರದ ಹಾಗೇ ಆಗುತ್ತೆ’ ಎಂದೆ. ಬೇರೆ ಬೇರೆ ರೀತಿಯಲ್ಲಿ ನಾಲ್ಕು ಸಲ ಹುಯ್ದು ನೋಡಿದ ಮೇಲೆ ದಾರಿ ಕಂಡಿತು. ಹತ್ತು ನಿಮಿಷಕ್ಕೆ ಅರ್ಧ ಹಲ್ಲಿನಂತೆ ತೆರೆಯುತ್ತಾ ಹೋಗಬೇಕು, ಏಳು ಬೀದಿಯವರೂ ಮುಕ್ಕಾಲು ಗಂಟೆ ತಡವಾಗಿ, ಒಂದು ಬೀದಿಯಾದ ಮೇಲೆ ಒಂದು ಬೀದಿ ದೀಪ ಹಚ್ಚಬೇಕು. ಟೀಚರಮ್ಮ ಹೊರಗೆ ಹೋಗಿ ಹೇಳಿದರು. ಕತ್ತಲಾಗುತ್ತಾ ಬಂತು, ಊರು ಕತ್ತಲಲ್ಲೇ ಕೂತಿತು, ಯಾರೂ ಗೊಣಗಲಿಲ್ಲ. ನಾನು ಕಿಂಡಿಯಲ್ಲಿ ‘ಅರ್ಧ’ ಎನ್ನುತ್ತಿದ್ದೆ. ಅವನು ‘ಅರ್ಧ’ ಎಂದು ತಿರುಗಿಸಿ, ಗೋಡೆ ಮುಟ್ಟಿ ಎಣಿಸಿ, ‘ನಾಕೂವರೆ’ ಎನ್ನುತ್ತಿದ್ದ. ಅದು ನನ್ನ ಕೊಡಕ್ಕೆ ಹೊಂದದಿದ್ದರೆ ನಾನು ಮೇಣವನ್ನು ಸರಿಮಾಡಿಕೊಳ್ಳುತ್ತಿದ್ದೆ. ಮೊದಲ ಬೀದಿ ಬೆಳಗಿದಾಗ ಅವನ ಎಣಿಕೆ ಐದೂವರೆ. ನಾಲ್ಕನೆಯ ಬೀದಿಗೆ ಏಳು. ಕೊನೆಯ ಬೀದಿಯ ದೀಪ ಹತ್ತಿದಾಗ ಎಂಟು ಗಂಟೆಯಾಗಿತ್ತು, ಅವನ ಎಣಿಕೆ ಒಂಬತ್ತಕ್ಕೆ ಬಂದಿತ್ತು. ಬಿಲ್ಲೆಗಳು ಸುಮ್ಮನಿದ್ದವು.

ಆಗ ನಾನು ಕಿಂಡಿಗೆ ಬಾಯಿಟ್ಟು, ‘ಜವರಣ್ಣ, ತಪ್ಪಾಯ್ತು’ ಎಂದೆ. ಅವನು ಹೇಳಿದ, ‘ಇಪ್ಪತ್ತೆರಡು ವರ್ಸ ನೀ ಹೇಳಿದ್ದನ್ನ ನಾ ತಿರುಗಿಸ್ದೆ ಕಣವ್ವ. ಒಂದಿನ ನಾ ಹೇಳಿದ್ದನ್ನ ನೀ ಕೇಳಿದ್ರೆ ಸಾಕಾಗಿತ್ತು.’ ಅವನ ಧ್ವನಿಯಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ನನಗೆ ಅಷ್ಟು ನೋವಾಗುತ್ತಿರಲಿಲ್ಲ.

ಸಮಿತಿ ಜವರಯ್ಯನನ್ನು ಚಕ್ರಕ್ಕೆ ಮರಳಿ ಕರೆಯಿತು. ನನ್ನನ್ನು ಏನು ಮಾಡಬೇಕೆಂದು ಅವರಿಗೆ ತಿಳಿಯಲಿಲ್ಲ, ಕಟ್ಟಳೆ ಇರುವುದು ಚಕ್ರದ ಮೇಲಿನ ಕೈಗೆ, ಕೊಡ ಬೆಳಗಿದ ಕೈಗಲ್ಲ. ನಾನೇ ಮೂರು ಬಿಲ್ಲೆಗಳನ್ನೂ ಮನೆಗೆ ಒಯ್ದು ಬಾಗಿಲಿಗೆ ಕಟ್ಟಿದೆ. ಬರುವವರ ತಲೆಗೆ ತಾಗುತ್ತವೆ. ತಾಗಲಿ.

ಮಾರನೆಯ ದಿನದಿಂದ ಸೌಟು ಹಿಡಿಯುವ ಮುಂಚೆ ಕಿಂಡಿಯಲ್ಲಿ ಕೇಳತೊಡಗಿದೆ, ‘ಜವರಣ್ಣ, ಇವತ್ತು ಎಷ್ಟು?’ ಅವನು ‘ಹತ್ತು’ ಎನ್ನುತ್ತಿದ್ದ, ‘ಹನ್ನೊಂದು’ ಎನ್ನುತ್ತಿದ್ದ, ಅಷ್ಟಕ್ಕೇ ಮುಗಿಯುತ್ತಿತ್ತು. ಊಟ ಆಯ್ತಾ ಎಂದರೆ ಉತ್ತರವಿಲ್ಲ. ನಿಂಗಮ್ಮ ದಾರಿಯಲ್ಲಿ ಸಿಕ್ಕರೆ ಮುಖ ತಿರುಗಿಸುತ್ತಿದ್ದಳು. ಅದು ಅವಳ ಹಕ್ಕು, ನಾನೂ ಬೇಸರ ಮಾಡಿಕೊಳ್ಳಲಿಲ್ಲ. ಹೀಗೆ ಹದಿನೈದು ದಿನವಾದ ಮೇಲೆ ಒಂದು ಮಧ್ಯಾಹ್ನ ‘ಇವತ್ತು ಎಷ್ಟು?’ ಎಂದು ಕೇಳಿದರೆ ಸದ್ದೇ ಇಲ್ಲ. ಮತ್ತೆ ಕೇಳಿದೆ. ‘ಈ ಕಡೀಕೆ ಬಾ’ ಎಂದ.

ಸುತ್ತು ಹಾಕಿಕೊಂಡು ಹೋದೆ. ಚಕ್ರ ನಾನು ಎಣಿಸಿದ್ದಕ್ಕಿಂತ ದೊಡ್ಡದಿತ್ತು, ಸೆಕೆ ಮುಖಕ್ಕೆ ಹೊಡೆಯಿತು. ಗೋಡೆಯ ಒಂದು ಇಟ್ಟಿಗೆ ಮಾತ್ರ ನುಣುಪಾಗಿ ಹೊಳೆಯುತ್ತಿತ್ತು, ಮೂರು ತಲೆಮಾರಿನ ಅಂಗೈ ಸವೆಸಿದ ಇಟ್ಟಿಗೆ. ‘ನನ್ನ ಕೈಗೆ ಎಷ್ಟು ದಿನ ಆಯಸ್ಸೋ. ನಿಂಗೂ ಗೊತ್ತಿರ್ಲಿ, ಮಡಗು’ ಎಂದ. ಇಟ್ಟೆ. ಒಂದು, ಎರಡು ಎಂದು ಎಣಿಸಿದೆ. ಇಪ್ಪತ್ತೆರಡು ವರ್ಷ ನಾನು ನೀರಿನಲ್ಲಿ ನೋಡಿದ್ದ ಬಿಸಿ ಅಂಗೈ ಹೊಕ್ಕು ಮೊಣಕೈಗೆ ಏರಿತು. ಒಳಗೆ ಏನೋ ಮೆಲ್ಲಗೆ ಗುಂಯ್ಗುಟ್ಟುತ್ತಿತ್ತು. ಏಳಕ್ಕೆ ಕೈ ಎಳೆದುಕೊಂಡೆ. ಕಣ್ಣಲ್ಲಿ ನೀರು ಬಂದಿತ್ತು, ಬಿಸಿಗೆ ಬಂದದ್ದಲ್ಲ.

‘ಎಷ್ಟಾಯ್ತು?’ ಎಂದ ಜವರಯ್ಯ. ‘ಏಳು’ ಎಂದೆ. ಅವನು ತಾನು ಕೈ ಇಟ್ಟು, ಕಣ್ಣು ಮುಚ್ಚಿ, ನಿಧಾನಕ್ಕೆ ಎಣಿಸಿ ತೆಗೆದ. ‘ನಂಗೆ ಹನ್ನೆರಡು’ ಎಂದ. ‘ನಿನ್ನ ಏಳು, ನನ್ನ ಹನ್ನೆರಡು. ಎಲ್ಡೂ ಒಂದೇಯ. ಬರ್ಕೋ ದೇವೀರಿ.’